ಅವರ ಮೊದಲ ಹಾಡಿನ ನಿಜವಾದ ವೇಗ

ಹದಿನೈದನೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಕಿಟಕಿಯ ಬೆಳಕಿಗೆ ಎತ್ತಿ ನೋಡಿದರೆ ಸುರುಳಿಯ ಅಂಚಿನ ಮೇಲೆಲ್ಲ ಅಕ್ಕಿ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಕಡಲ ಬದಿಯ ಮನೆಗಳಲ್ಲಿ ಮೂವತ್ತು ನಲವತ್ತು ವರ್ಷ ಕಪಾಟಿನೊಳಗೆ ಕುಳಿತ ಕ್ಯಾಸೆಟ್ಟು ಇದರಿಂದ ತಪ್ಪಿಸಿಕೊಳ್ಳುವುದು ಅಪರೂಪ. ಹಾಗೆಯೇ ಡೆಕ್ಕಿಗೆ ಹಾಕಿದರೆ ಪುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ನಾನು ಮಾಸ್ಕು ಹಾಕಿಕೊಂಡು ಐದು ಸ್ಕ್ರೂ ಬಿಚ್ಚಿದೆ. ಟೇಪನ್ನು ಹೊರತೆಗೆದು ಅಂಚನ್ನು ಹತ್ತಿಯಿಂದ ಒರೆಸಿ, ಹೊಸ ಖಾಲಿ ಕವಚದೊಳಗೆ ಕೂರಿಸಿದೆ. ಹಳೆಯ ಕವಚದಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸ್ಪಂಜಿನ ತುಂಡು ಎಂದೋ ಕಳಚಿ ಬಿದ್ದಿತ್ತು. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ನಿಧಾನವಾಗಿ ಸುತ್ತಿ, ಮತ್ತೊಮ್ಮೆ ಒರೆಸಿ, ಮಧ್ಯಾಹ್ನದ ಹೊತ್ತಿಗೆ ಡೆಕ್ಕಿಗೆ ಹಾಕಿದೆ.

ಹಳೆಯ ಟೇಪುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಗಲೀಜು ತೆಗೆದು ಕೊಡುವುದು ನನ್ನ ಕೆಲಸ. ಮಣಿಪಾಲದಲ್ಲಿ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನನ್ನ ಕೋಣೆ. ಈ ಹದಿನೈದು ಕ್ಯಾಸೆಟ್ಟುಗಳನ್ನು ತಂದುಕೊಟ್ಟವರು ಉಡುಪಿಯ ಒಬ್ಬ ನಿವೃತ್ತ ಕಾಲೇಜು ಅಧ್ಯಾಪಕರು. ಅವರನ್ನು ಇಲ್ಲಿ ಸಂಪಾದಕರು ಎನ್ನುತ್ತೇನೆ. ನಮ್ಮ ಕಡೆ ಕೀಬೋರ್ಡು, ಗಿಟಾರು, ಡ್ರಮ್ ಬಾಕ್ಸು ಇಟ್ಟುಕೊಂಡು ತುಳು, ಕೊಂಕಣಿಗಳಲ್ಲಿ ಪಾಪ್ ಹಾಡಿನ ಕ್ಯಾಸೆಟ್ಟು ತೆಗೆಯುತ್ತಿದ್ದ ಕಾಲವೊಂದಿತ್ತು. ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ, ಗಲ್ಫಿಗೆ ಹೊರಟವರ ಪೆಟ್ಟಿಗೆಯಲ್ಲಿ ಎಲ್ಲೆಲ್ಲೂ ಅವು. ಆ ಕಾಲದ ಗಾಯಕಿಯರ ಮೊದಲ ಹಾಡುಗಳನ್ನಷ್ಟೇ ಆರಿಸಿ ಸಂಪಾದಕರು ಒಂದು ಪುಸ್ತಕ ಮಾಡುತ್ತಿದ್ದರು. ಪ್ರತಿ ಗಾಯಕಿಯ ನೆನಪಿನ ನಾಲ್ಕು ಪುಟ, ಕೊನೆಯಲ್ಲಿ ಫೋನು ಹಿಡಿದರೆ ಹಾಡು ಕೇಳಿಸುವ ಒಂದು ಕ್ಯೂಆರ್ ಚೌಕ. ಪುಸ್ತಕ ಬಿಡುಗಡೆಗೆ ಉಡುಪಿಯಲ್ಲಿ ಸಭಾಂಗಣ ಗೊತ್ತಾಗಿತ್ತು. ಗಾಯಕಿಯರೇ ಬಂದು ಹಾಡುವುದೆಂದೂ ನಿಶ್ಚಯವಾಗಿತ್ತು.

ಹದಿನಾಲ್ಕು ಮಂದಿ ಸಿಕ್ಕಿದ್ದರು. ಹದಿನೈದನೆಯವರ ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಕಾಗದದ ಮೇಲೆ 'ಕುಮಾರಿ' ಎಂದು ಬರೆದು ಮುಂದೆ ಒಂದು ಹೆಸರು, ಅಷ್ಟೇ. ಅವರು ಹಾಡಿದ್ದು ಅದೊಂದೇ ಹಾಡು. ನದಿಯ ಕಡವಿನಲ್ಲಿ ದೋಣಿಗಾಗಿ ಕಾಯುತ್ತ ನಿಂತ ಹುಡುಗಿಯ ತುಳು ಹಾಡು. ಹದಿನೈದರಲ್ಲಿ ಜನ ಹೆಚ್ಚು ಗುನುಗಿದ್ದೂ ಅದನ್ನೇ.

ನನಗೂ ಅದು ಹೊಸದಲ್ಲ. ಎಲ್ಲೂರಿನ ನಮ್ಮ ಮನೆಯ ಅಡುಗೆ ಕೋಣೆಯಲ್ಲಿ, ಮಸಾಲೆ ಡಬ್ಬಗಳ ಪಕ್ಕದಲ್ಲಿ ಅಮ್ಮನ ಟೇಪ್ ರೆಕಾರ್ಡರ್ ಇರುತ್ತಿತ್ತು. ಅಮ್ಮ ಆ ಹಾಡಿನ ಜೊತೆ ತಾನೂ ಹಾಡುತ್ತಿದ್ದಳು. ಎರಡನೆಯ ಚರಣದಲ್ಲಿ ಸ್ವರ ಮೇಲೆ ಹೋಗುವಲ್ಲಿ ಅವಳಿಗೆ ತಲುಪುತ್ತಿರಲಿಲ್ಲ. "ನನ್ನದು ಕಾಗೆ ಸ್ವರ" ಎಂದು ನಕ್ಕು ಸೌಟು ತಿರುಗಿಸುತ್ತಿದ್ದಳು. ಅಮ್ಮ ತೀರಿಹೋಗಿ ಈಗ ಕೆಲವು ವರ್ಷವಾಯಿತು. ಹಾಗಾಗಿ ಕೊನೆಗಿರಲಿ ಎಂದು ನಾನೇ ಈ ಕ್ಯಾಸೆಟ್ಟನ್ನು ಉಳಿದವುಗಳ ಕೆಳಗೆ ಇಟ್ಟುಕೊಂಡು ಬಂದಿದ್ದೆ.

ಹಾಡು ಇಳಿಸಿಕೊಂಡ ಮೇಲೆ ನಾನು ಮೊದಲು ತೆಗೆಯುವುದು ಕರೆಂಟಿನ ಗುಂಯ್ ಸದ್ದು. ಹಳೆಯ ಸ್ಟುಡಿಯೋಗಳಲ್ಲಿ ವಯರಿಂಗ್ ಸರಿಯಿರುತ್ತಿರಲಿಲ್ಲ, ಕರೆಂಟಿನ ಗುಂಯ್ ಹಾಡಿನೊಳಗೆ ಸೇರಿಕೊಳ್ಳುತ್ತಿತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಹಾಗಾಗಿ ಆ ಸದ್ದು ಯಾವತ್ತೂ ಐವತ್ತರಲ್ಲಿ ಅಥವಾ ಅದರ ಇಮ್ಮಡಿ ನೂರರಲ್ಲಿ ಇರುತ್ತದೆ. ನೂರರಲ್ಲಿ ಒಂದು ಸಣ್ಣ ಕತ್ತರಿ ಹಾಕಿದರೆ ಕೆಲಸ ಮುಗಿಯಿತು. ಈ ಹಾಡಿಗೂ ಕತ್ತರಿ ಹಾಕಿದೆ. ಸದ್ದು ಹೋಗಲಿಲ್ಲ.

ಪರದೆಯ ಮೇಲೆ ಗೆರೆಗಳನ್ನು ದೊಡ್ಡದು ಮಾಡಿ ನೋಡಿದೆ. ಗುಂಯ್ ಇದ್ದದ್ದು ನೂರೆಂಟರಲ್ಲಿ.

ನನ್ನ ಡೆಕ್ಕು ಜೋರಾಗಿ ಓಡುತ್ತಿರಬಹುದು ಎಂದುಕೊಂಡೆ. ವೇಗ ಪರೀಕ್ಷಿಸುವ ಟೇಪು ಹಾಕಿ ನೋಡಿದೆ, ಡೆಕ್ಕು ಸರಿಯಿತ್ತು. ಅದೇ ಕ್ಯಾಸೆಟ್ಟಿನಲ್ಲಿ ಬೇರೆಯವರು ಹಾಡಿದ ಹಿಂದಿನ ಹಾಡು, ಮುಂದಿನ ಹಾಡು ಅಳೆದೆ. ಎರಡರಲ್ಲೂ ಗುಂಯ್ ನೂರರಲ್ಲೇ ಇತ್ತು. ಈ ಒಂದು ಹಾಡಿನಲ್ಲಿ ಮಾತ್ರ ನೂರೆಂಟು. ಅಂದರೆ ಹಾಡಿದ್ದು ಒಂದು ವೇಗದಲ್ಲಿ, ಕ್ಯಾಸೆಟ್ಟಿಗೆ ಹೋದದ್ದು ಅದಕ್ಕಿಂತ ನೂರಕ್ಕೆ ಎಂಟು ಪಾಲು ಹೆಚ್ಚಿನ ವೇಗದಲ್ಲಿ. ಆರ್ಕೆಸ್ಟ್ರಾದವರು ಈ ಹಾಡಿನ ಬಗ್ಗೆ ಹೇಳುತ್ತಿದ್ದ ಒಂದು ಮಾತು ಆಗ ಅರ್ಥವಾಯಿತು. ಕ್ಯಾಸೆಟ್ಟಿನ ಜೊತೆ ನುಡಿಸಲು ಹೋದರೆ ಇದು ಕೀಬೋರ್ಡಿನ ಎರಡು ಕೀಗಳ ನಡುವೆ ಬೀಳುತ್ತದೆ ಎನ್ನುತ್ತಿದ್ದರು.

ಗುಂಯ್ ನೂರಕ್ಕೆ ಬಂದು ನಿಲ್ಲುವಷ್ಟು ಹಾಡನ್ನು ನಿಧಾನ ಮಾಡಿ ಹೆಡ್‌ಫೋನು ಹಾಕಿಕೊಂಡೆ. ನಾಲ್ಕು ನಿಮಿಷದ ಹಾಡು ಹತ್ತೊಂಬತ್ತು ಸೆಕೆಂಡು ಉದ್ದವಾಯಿತು. ಹಾಡುತ್ತಿದ್ದವಳು ಬೇರೆ ಹುಡುಗಿ. ಸ್ವರ ಕೆಳಗಿತ್ತು, ಅದಕ್ಕೊಂದು ತೂಕವಿತ್ತು. ಸಾಲಿನ ಕೊನೆಯಲ್ಲಿ ಉಸಿರು ಬಿಡುವುದು ಕೇಳಿಸುತ್ತಿತ್ತು. ಎರಡನೆಯ ಚರಣದ ಮೇಲಿನ ಸ್ವರ ಅಮ್ಮನಿಗೆ ತಲುಪುವಷ್ಟರಲ್ಲೇ ಇತ್ತು. ನಾನು ಹೆಡ್‌ಫೋನು ತೆಗೆದಿಟ್ಟೆ. ನನಗೆ ಬೇಕಾಗಿದ್ದದ್ದು ಹಳೆಯ ಹಾಡು, ಅಮ್ಮ ತಲುಪಲಾರದೆ ನಕ್ಕ ಹಾಡು. ಇದು ಅದಲ್ಲ.

ಆ ವಾರವೇ ಸಂಪಾದಕರ ಫೋನು ಬಂತು. "ನಿಮ್ಮ ಕುಮಾರಿ ಸಿಕ್ಕಿದರು ಮಾರಾಯ್ತಿ. ಕಾರ್ಕಳದ ಹತ್ತಿರ ಕುಕ್ಕುಂದೂರಿನವರು. ಈಗ ಕಾಪುವಿನಲ್ಲಿ ಮಗಳ ಜೊತೆ ಇದ್ದಾರಂತೆ. ನನಗೆ ಕಾಲು ನೋವು, ನೀವೇ ಹೋಗಿ ಮಾತಾಡಿಸಿ ಬನ್ನಿ."

ಕಾಪುವಿನ ಮನೆ ಮುಖ್ಯರಸ್ತೆಯಿಂದ ಒಳಗೆ. ಅಂಗಳದಲ್ಲಿ ಹಗ್ಗಕ್ಕೆ ಬಟ್ಟೆ ಒಣಗಿಸಿತ್ತು. ಬಾಗಿಲು ತೆರೆದವಳು ಮಗಳು, ಬ್ಯಾಂಕಿನಲ್ಲಿ ಕೆಲಸ, ಅಂದು ರಜೆ. ತಾಯಿ ಒಳಗಿನಿಂದ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ವಯಸ್ಸು ಅರವತ್ತರ ಹತ್ತಿರ. ನಾನು ಬಂದ ಕಾರಣ ಹೇಳಿದೆ. ತುಳು, ಕನ್ನಡ ಎರಡೂ ಸೇರಿಸಿಕೊಂಡು ಮಾತು ನಡೆಯಿತು.

"ಹಾಡಿದ್ದು ಹೌದು," ಎಂದರು ಅವರು. "ಆದರೆ ಕ್ಯಾಸೆಟ್ಟಿನಲ್ಲಿ ಇರುದು ನಾನಲ್ಲ."

"ಮತ್ತೆ ಯಾರು ಅಕ್ಕ?" ಎಂದೆ.

"ಅದು ನನಗೂ ಗೊತ್ತಿಲ್ಲ."

ನಡೆದದ್ದನ್ನು ಅವರು ಅವಸರವಿಲ್ಲದೆ ಹೇಳಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕಾರ್ಕಳದ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜದ ಸಿಪ್ಪೆ ತೆಗೆಯುವ ಕೆಲಸ ಮಾಡುತ್ತಿದ್ದರು. ಸಾಲಾಗಿ ಕುಳಿತ ಹೆಂಗಸರ ನಡುವೆ ಕೆಲಸ ಮಾಡುತ್ತಾ ಹಾಡುತ್ತಿದ್ದರು. ಫ್ಯಾಕ್ಟರಿಯ ವಾರ್ಷಿಕೋತ್ಸವದಲ್ಲಿ ಅವರ ಹಾಡು ಕೇಳಿದ ಒಬ್ಬ ಸಂಗೀತ ನಿರ್ದೇಶಕರು ಉಡುಪಿಗೆ ಕರೆಸಿದರು. ಅಣ್ಣನ ಜೊತೆ ಬಸ್ಸಿನಲ್ಲಿ ಹೋದದ್ದು. ಮೂರು ಸಲ ಹಾಡಿಸಿದರು. ಚೆನ್ನಾಗಿ ಬಂತು ಎಂದರು. ಸುಮಾರು ಒಂದು ತಿಂಗಳ ಮೇಲೆ ಕಾರ್ಕಳದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಹಾಡು ಹಾಕಿದ್ದರು.

"ನಿಂತು ಕೇಳಿದೆ. ಹಾಡಿನ ಮಾತು ನಾನು ಹಾಡಿದ್ದೇ, ರಾಗ ಅದೇ. ಸ್ವರ ಮಾತ್ರ ಯಾರದ್ದೋ. ಸಣ್ಣ ಹುಡುಗಿಯ ಹಾಗೆ. ನಾನು ಎಣಿಸಿದೆ, ನಂದು ಚೆನ್ನಾಗಿ ಆಗ್ಲಿಲ್ಲ, ಬೇರೆ ಯಾರ ಹತ್ರವೋ ಹಾಡಿಸಿದ್ದಾರೆ. ಪಾಪ, ಹೆಸರು ತೆಗೆಯುದು ಬೇಡ ಅಂತ ಇಟ್ಟಿದ್ದಾರೆ."

"ಕೇಳಲಿಲ್ವಾ ಅವರ ಹತ್ತಿರ?"

"ಎಂತ ಅಂತ ಕೇಳುದು? ಅವರು ಹೌದು ಅಂದ್ರೆ ಎಂತ ಮಾಡುದು?"

ಫ್ಯಾಕ್ಟರಿಯಲ್ಲಿ ಜೊತೆಯವರು ಹಾಡು ಹಾಡು ಎಂದು ಕಾಡಿದರಂತೆ. ಹಾಡಿದಾಗ ಸುಮ್ಮನಾದರಂತೆ. ಆಮೇಲೆ ಊರಿನ ಒಂದು ಮದುವೆಯಲ್ಲಿ ವೇದಿಕೆಗೆ ಕರೆದರು. ಎರಡು ಸಾಲು ಆಗುವಷ್ಟರಲ್ಲಿ ಎದುರು ಕುಳಿತ ಒಬ್ಬರು ಪಕ್ಕದವರಿಗೆ ದೊಡ್ಡದಾಗಿಯೇ ಹೇಳಿದರು, ಕ್ಯಾಸೆಟ್ಟಿನಲ್ಲಿ ಹಾಡಿದವಳು ಇವಳಲ್ಲ ಎಂದು. "ಅವರು ಸುಳ್ಳು ಹೇಳಿದ್ದಲ್ಲ ಅಲ್ವಾ. ನನಗೂ ಹಾಗೇ ಕಂಡದ್ದು. ಮೈಕ್ ಕೊಟ್ಟು ಇಳಿದು ಬಂದೆ."

ಅದರ ನಂತರ ಅವರು ಹಾಡಿಲ್ಲ. ಮಗಳು ಮೆಲ್ಲಗೆ ಹೇಳಿದಳು: "ಅಮ್ಮ ಕ್ಯಾಸೆಟ್ಟಿನಲ್ಲಿ ಹಾಡಿದ್ದಾರೆ ಅಂತ ನನಗೆ ಗೊತ್ತಾದದ್ದು ಮೊನ್ನೆ, ನಿಮ್ಮ ಸಂಪಾದಕರು ಫೋನು ಮಾಡಿದ ಮೇಲೆ."

ಚೀಲದೊಳಗೆ ಲ್ಯಾಪ್‌ಟಾಪಿನಲ್ಲಿ ನಾನು ನಿಧಾನ ಮಾಡಿದ ಹಾಡು ಇತ್ತು. ತೆಗೆದು ಕೇಳಿಸಲು ಕೈ ಮುಂದೆ ಹೋಯಿತು, ಆದರೆ ತಡೆದುಕೊಂಡೆ. ಯಾರಿಗೇ ಆದರೂ ಟೇಪಿನಲ್ಲಿ ತಮ್ಮ ಸ್ವರ ಮೊದಲ ಸಲ ಕೇಳಿದಾಗ ಬೇರೆಯವರದ್ದು ಅನ್ನಿಸುತ್ತದೆ. ಗುಂಯ್ ಸದ್ದು ಹೇಳುವುದು ವೇಗ ಹೆಚ್ಚಾಗಿದೆ ಎಂದು ಮಾತ್ರ. ಹಾಡಿದ್ದು ಯಾರು ಎಂದು ಅದು ಹೇಳುವುದಿಲ್ಲ. ನಿಜವಾಗಿಯೂ ಬೇರೆ ಹುಡುಗಿಯಿಂದ ಹಾಡಿಸಿ, ಅದರ ವೇಗವನ್ನೂ ಹೆಚ್ಚಿಸಿದ್ದರೆ? ಇಷ್ಟು ವರ್ಷದ ಮೇಲೆ ಇನ್ನೊಂದು ಊಹೆಯನ್ನು ಅವರ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. "ಇನ್ನೊಮ್ಮೆ ಬರ್ತೇನೆ ಅಕ್ಕ" ಎಂದಷ್ಟೇ ಹೇಳಿ ಎದ್ದೆ.

ಆ ಸಂಗೀತ ನಿರ್ದೇಶಕರು ಹೂಡೆ ಊರಿನಲ್ಲಿದ್ದರು. ಮನೆಯ ಹಿಂದೆಯೇ ಹೊಳೆ. ಎಂಬತ್ತು ದಾಟಿದ ಮನುಷ್ಯ, ಎರಡೂ ಕಿವಿಗೆ ಶ್ರವಣಯಂತ್ರ. ಬಟ್ಟೆ ಹೊದಿಸಿದ ಹಾರ್ಮೋನಿಯಮ್ಮಿನ ಮೇಲೆ ಪೇಪರು, ಔಷಧದ ಚೀಲ. ಹಾಡಿನ ಹೆಸರು ಹೇಳಿದ ಕೂಡಲೇ ಅವರ ಮುಖ ಅರಳಿತು.

"ಅದು ಆ ಬೀಜದ ಫ್ಯಾಕ್ಟರಿಯ ಹುಡುಗಿ ಹಾಡಿದ್ದು."

"ಬೇರೆ ಯಾರ ಹತ್ತಿರವಾದರೂ ಮತ್ತೆ ಹಾಡಿಸಿದ್ರಾ ಸರ್?"

"ಯಾಕೆ? ಮೂರನೆಯ ಟೇಕ್ ಒಳ್ಳೆ ಬಂದಿತ್ತು. ಅದನ್ನೇ ಹಾಕಿದ್ದು." ಆಮೇಲೆ ಹೇಳಿದರು: "ಕ್ಯಾಸೆಟ್ಟು ತೆಗೆಯುವವರು ಕೇಳಿ, ಸ್ವರ ದಪ್ಪ ಆಯ್ತು ಅಂದ್ರು. ಆಗ ಎಲ್ಲರಿಗೂ ತೆಳು ಸ್ವರವೇ ಬೇಕು. ಮೆಷಿನಿನಲ್ಲಿ ವೇಗದ ಒಂದು ಗುಂಡಿ ಉಂಟು. ಅದನ್ನು ಸ್ವಲ್ಪ ತಿರುಗಿಸಿದೆ."

"ಅವರಿಗೆ ಹೇಳಿದ್ರಾ?"

"ಹೇಳುದೆಂತ ಅದರಲ್ಲಿ? ಸಾರಿಗೆ ಉಪ್ಪು ಕಡಿಮೆ ಆದ್ರೆ ಹಾಕುದಿಲ್ವಾ, ಹಾಗೆ."

ಕಾಪುವಿನಲ್ಲಿ ಕೇಳಿದ್ದನ್ನು ಹೇಳಿದೆ. ಅವರಿಗೆ ಕೇಳಿಸಬೇಕಾದ್ದರಿಂದ ಗಟ್ಟಿಯಾಗಿ ಹೇಳಬೇಕಾಯಿತು. ಗಾಯಕಿ ಮದುವೆಯ ವೇದಿಕೆಯಿಂದ ಇಳಿದು ಬಂದ ಸಂಗತಿಯನ್ನು ಹಾಗೆ ಗಟ್ಟಿಯಾಗಿ ಹೇಳುವುದು ನನಗೆ ಕಷ್ಟವಾಯಿತು. ಅವರು ಒಂದು ಕಿವಿಯ ಯಂತ್ರ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಹಾಗಾಯ್ತಾ," ಎಂದರು. "ನಾನು ಅವಳಿಗೆ ಎರಡು ಸಲ ಕಾಗದ ಹಾಕಿದೆ ಮಾರಾಯ್ತಿ. ಇನ್ನೊಂದು ಟ್ಯೂನ್ ಮಾಡಿ ಇಟ್ಟಿದ್ದೆ. ಅವಳ ಸ್ವರಕ್ಕೇ ಮಾಡಿದ್ದು. ಅದಕ್ಕೆ ಗುಂಡಿ ತಿರುಗಿಸ್ಲಿಕ್ಕೆ ಬಿಡ್ತಿರಲಿಲ್ಲ ನಾನು. ಅವಳು ಬರ್ಲಿಲ್ಲ. ಬೇರೆ ಯಾರಿಗೂ ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ."

ಆ ಟ್ಯೂನು ಹೇಗಿತ್ತು ಎಂದು ಕೇಳಿದೆ. ಕಣ್ಣು ಮುಚ್ಚಿ ಒಂದು ಸಾಲು ಗುನುಗಿದರು. ಎರಡನೆಯ ಸಾಲಿಗೆ ಬಾಯಿ ತೆರೆದು ನಿಲ್ಲಿಸಿದರು. ಇನ್ನೊಮ್ಮೆ ಮೊದಲಿನಿಂದ ಹಿಡಿದರು, ಅಲ್ಲಿಗೇ ನಿಂತಿತು. "ಮುಂದೆ ಎಂತ ಇತ್ತು, ಬರುದಿಲ್ಲ," ಎಂದರು. ನನ್ನ ರೆಕಾರ್ಡರು ಚೀಲದೊಳಗೇ ಇತ್ತು, ಆನ್ ಮಾಡಿರಲಿಲ್ಲ. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದವಳು ಮಾಡಬಾರದ ತಪ್ಪು ಅದು.

ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅವರ ಸೊಸೆ ಒಂದು ಸ್ಪೂಲು ಇಳಿಸಿ ಕೊಟ್ಟರು. ಕಾಲು ಇಂಚು ಅಗಲದ ಟೇಪು, ಕ್ಯಾಸೆಟ್ಟಿಗೆ ಹೋಗುವ ಮೊದಲಿನ ಮೂಲ ಮುದ್ರಣ. ಸ್ಕೂಟರಿನಲ್ಲಿ ಕೆಮ್ಮಣ್ಣು ಊರು ದಾಟಿ ಬರುವವರೆಗೂ ನಾನು ಆ ಒಂದು ಸಾಲನ್ನು ಮರೆಯದ ಹಾಗೆ ಗುನುಗಿಕೊಂಡೇ ಬಂದೆ.

ಸ್ಪೂಲನ್ನು ಮೆಷಿನಿಗೆ ಹಾಕಿದಾಗ ಹತ್ತು ಸೆಕೆಂಡಿನಲ್ಲಿ ಕಿರ್ರೆಂದು ಕೂಗಿ ಟೇಪು ತಡೆಯಿತು. ನಿಲ್ಲಿಸಿ ನೋಡಿದರೆ ಹೆಡ್ಡಿನ ಮೇಲೆ ಕಂದು ಬಣ್ಣದ ಅಂಟು. ಹಾಡನ್ನು ಹಿಡಿದಿಟ್ಟುಕೊಂಡ ಲೇಪ ಹಾಗೆ ಕರಗಿ ಬರುತ್ತಿತ್ತು. ಇನ್ನು ಒಂದು ನಿಮಿಷ ಓಡಿಸಿದ್ದರೆ ಮೊದಲ ಟೇಕ್ ಹೆಡ್ಡಿನ ಮೇಲೆಯೇ ಉಳಿದುಬಿಡುತ್ತಿತ್ತು. ಇಂಥ ಟೇಪನ್ನು ಒಲೆಯಲ್ಲಿ ಬೇಯಿಸಬೇಕು. ಕೇಳಿದವರು ನಗುತ್ತಾರೆ, ಆದರೆ ಬೇರೆ ದಾರಿ ಇಲ್ಲ. ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಎಂಟು ಗಂಟೆ ಇಟ್ಟರೆ ಟೇಪು ಎಳೆದುಕೊಂಡ ತೇವ ಹೋಗಿ ಲೇಪ ಮತ್ತೆ ಕಚ್ಚಿಕೊಳ್ಳುತ್ತದೆ, ಕೆಲವು ವಾರಗಳ ಮಟ್ಟಿಗೆ. ಬಿಸಿ ಹೆಚ್ಚಾದರೆ ಟೇಪು ಸೊಟ್ಟಗಾಗುತ್ತದೆ, ಆಮೇಲೆ ಏನೂ ಮಾಡಲಾಗದು. ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಪರಿಚಯದವರಿದ್ದರು. ಭಾನುವಾರ ಬೆಳಿಗ್ಗೆ ಅವರ ಒಣಗಿಸುವ ಪೆಟ್ಟಿಗೆ ಕೇಳಿಕೊಂಡು, ಪ್ರತಿ ಗಂಟೆಗೆ ಸ್ಪೂಲನ್ನು ಮಗುಚಿ ಹಾಕುತ್ತಾ, ಸಂಜೆಯವರೆಗೆ ಒಂದು ಸ್ಟೂಲಿನ ಮೇಲೆ ಕುಳಿತಿದ್ದೆ. ಪೂರ್ತಿ ಒಂದು ದಿನ ಆರಲು ಬಿಟ್ಟು ಮಂಗಳವಾರ ಓಡಿಸಿದೆ.

ಈ ಸಲ ಕೂಗಲಿಲ್ಲ. ಗುಂಯ್ ನೂರರಲ್ಲಿತ್ತು. ಮೊದಲ ಟೇಕ್ ಬಂತು. ಎರಡನೆಯದರ ಆರಂಭಕ್ಕೆ ಹಳೆಯ ಜೋಡಣೆಯ ಅಂಟು ಬಿಟ್ಟು ಟೇಪು ಎರಡು ತುಂಡಾಗಿ ಹಾರಿತು. ಮೆಷಿನು ನಿಲ್ಲಿಸಿ, ತುದಿಗೆ ತುದಿ ಕೂಡಿಸಿ ಅಂಟಿಸಿದೆ. ಎರಡನೆಯ ಟೇಕ್ ಮುಗಿಯಿತು. ಆಮೇಲೆ ನಿರ್ದೇಶಕರ ಸ್ವರ, ದೂರದಿಂದ: "ಇನ್ನೊಂದು ಸಲ ತೆಗೆಯುವ."

ಆಗ ಮೈಕಿನ ಹತ್ತಿರದಲ್ಲೇ ಒಬ್ಬ ಹುಡುಗಿ ಕೇಳಿದಳು: "ಸಾರ್, ಸ್ವಲ್ಪ ನೀರು ಕುಡೀಬಹುದಾ?"

ಹೆಜ್ಜೆಯ ಸದ್ದು, ಸ್ಟೀಲಿನ ಲೋಟ ಇಟ್ಟ ಸದ್ದು, ಮೂರನೆಯ ಟೇಕ್. ಕಾಪುವಿನಲ್ಲಿ ನನ್ನ ಎದುರು ಕುಳಿತು ಮಾತಾಡಿದವರ ಸ್ವರವೇ ಅದು, ವಯಸ್ಸು ಮಾತ್ರ ಕಡಿಮೆ. ಆದರೂ ಕಿವಿಯನ್ನಷ್ಟೇ ನಂಬುವಂತಿರಲಿಲ್ಲ. ಮೂರನೆಯ ಟೇಕನ್ನೂ, ಕ್ಯಾಸೆಟ್ಟಿನಿಂದ ಇಳಿಸಿ ನಿಧಾನ ಮಾಡಿದ ಹಾಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟೆ. ಮೊದಲ ಅಕ್ಷರದಿಂದ ಕೊನೆಯ ಉಸಿರಿನವರೆಗೆ ಎರಡೂ ಕೂಡಿಬಂದವು. ಇಬ್ಬರು ಹಾಡಿದರೆ ಹಾಗೆ ಬರುವುದಿಲ್ಲ. ಒಬ್ಬರೇ ಎರಡು ಸಲ ಹಾಡಿದರೂ ಬರುವುದಿಲ್ಲ.

ಸಂಪಾದಕರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕೇಳಿ, ನಿಜಕ್ಕೂ ಮರುಗಿದರು. ಆದರೆ ಪುಸ್ತಕಕ್ಕೆ ಕ್ಯಾಸೆಟ್ಟಿನ ಹಾಡೇ ಇರಲಿ ಎಂದರು.

"ಉಳಿದ ಹದಿನಾಲ್ಕು ಹಾಡು ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆ ಉಂಟು. ಇದೊಂದನ್ನು ನಾವು ಬದಲಾಯಿಸುದು ಹೇಗೆ? ಜನ ಕೇಳಿದ್ದು ಅದನ್ನು. ಆ ಹಾಡು ಕೇಳಿಕೊಂಡು ನಾವೆಲ್ಲ ಒಂದು ಪ್ರಾಯ ಕಳೆದಿದ್ದೇವೆ."

ಅವರ ಮಾತು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ನನ್ನ ಅಮ್ಮನ ಅಡುಗೆ ಕೋಣೆಯೂ ಆ ಮಾತಿನೊಳಗೆ ಇತ್ತು. ಕ್ಯಾಸೆಟ್ಟಿನ ಹಾಡು ಶುದ್ಧವಾಗಿ ತಯಾರಿತ್ತು, ಒಂದು ಗುಂಡಿ ಒತ್ತಿದರೆ ಅವರಿಗೆ ತಲುಪುತ್ತಿತ್ತು, ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

"ಹಾಡಿದವರು ಕೇಳುವ ಮೊದಲು ನಾನು ಯಾವುದನ್ನೂ ಕಳಿಸುವುದಿಲ್ಲ ಸರ್," ಎಂದೆ. "ಯಾವುದನ್ನು ಹಾಕುದು ಅಂತ ಅವರೇ ಹೇಳಲಿ. ಬೇಡ ಅಂದ್ರೆ ಹದಿನಾಲ್ಕೇ ಇರಲಿ."

"ಪ್ರೆಸ್ಸಿಗೆ ನಾಲ್ಕು ದಿನ ಉಂಟು."

"ನಾಲ್ಕು ದಿನದ ಒಳಗೆ ಹೇಳ್ತೇನೆ."

ಅವರು ಸಿಟ್ಟಾಗಿದ್ದರೆಂದು ಕಾಣುತ್ತದೆ. ಫೋನು ಇಟ್ಟ ರೀತಿ ಹಾಗಿತ್ತು.

ಸ್ಪೂಲಿನ ಹಾಡನ್ನು ನಾನು ಸ್ವಲ್ಪವೂ ತಿದ್ದಲಿಲ್ಲ. ಗುಂಯ್ ತೆಗೆಯಲಿಲ್ಲ, ಟೇಪಿನ ಹಿಸ್ ಎಂಬ ಸದ್ದನ್ನೂ ತೆಗೆಯಲಿಲ್ಲ. ಇನ್ನೊಮ್ಮೆ ಯಾರೋ ಏನೋ ಮಾಡಿದ್ದಾರೆ ಎಂಬ ಸಂಶಯಕ್ಕೆ ಜಾಗ ಇರಬಾರದಿತ್ತು. ಒಂದು ಒಳ್ಳೆಯ ಸ್ಪೀಕರು ಕಟ್ಟಿಕೊಂಡು ಮಾರನೆಯ ದಿನ ಸಂಜೆ, ಮಗಳು ಬ್ಯಾಂಕಿನಿಂದ ಬರುವ ಹೊತ್ತಿಗೆ, ಕಾಪುವಿಗೆ ಹೋದೆ.

ಹೂಡೆಯಲ್ಲಿ ಕೇಳಿದ್ದನ್ನು ಮೊದಲು ಹೇಳಲಿಲ್ಲ. "ಒಂದು ಮಾತು ಕೇಳಿಸ್ತೇನೆ ಅಕ್ಕ, ಹಾಡು ಅಲ್ಲ," ಎಂದೆ. ಅವರು ಬೇಡ ಎನ್ನಲಿಲ್ಲ.

ಇನ್ನೊಂದು ಸಲ ತೆಗೆಯುವ. ಸಾರ್, ಸ್ವಲ್ಪ ನೀರು ಕುಡೀಬಹುದಾ?

ಮಗಳು ಥಟ್ಟನೆ ತಾಯಿಯ ಮುಖ ನೋಡಿದಳು. ತಾಯಿ ಸ್ಪೀಕರನ್ನೇ ನೋಡುತ್ತಿದ್ದರು.

"ಇನ್ನೊಮ್ಮೆ ಹಾಕಿ."

ಹಾಕಿದೆ.

"ಬಾಯಾರಿಕೆ ಅಲ್ಲ ಅದು," ಎಂದರು. "ಹೆದರಿಕೆ. ನೀರು ಕೇಳಿದ್ರೆ ಸ್ವಲ್ಪ ಹೊತ್ತು ಸಿಕ್ತದಲ್ಲ."

ಮುಂದಿನದನ್ನು ನಿಲ್ಲಿಸದೆ ಬಿಟ್ಟೆ. ಲೋಟ ಇಟ್ಟ ಸದ್ದು, ಆಮೇಲೆ ಮೂರನೆಯ ಟೇಕ್. ನಾಲ್ಕು ನಿಮಿಷ ಹತ್ತೊಂಬತ್ತು ಸೆಕೆಂಡು ಪೂರ್ತಿ ಕೇಳಿದರು. ಎರಡನೆಯ ಚರಣದಲ್ಲಿ ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಉಜ್ಜುತ್ತಿತ್ತು, ಬೀಜದ ಸಿಪ್ಪೆ ಬಿಡಿಸುವ ಹಾಗೆ. ಹಾಡು ಮುಗಿದ ಮೇಲೆ ಗುಂಡಿಯ ವಿಷಯ ಹೇಳಿದೆ. ಲ್ಯಾಪ್‌ಟಾಪಿನಲ್ಲಿ ಅವರ ಎದುರೇ ವೇಗ ಹೆಚ್ಚಿಸಿ ತೋರಿಸಿದೆ. ಆ ಹುಡುಗಿಯ ಸ್ವರ ಮೆಲ್ಲಮೆಲ್ಲನೆ ತೆಳ್ಳಗಾಗುತ್ತಾ ಕ್ಯಾಸೆಟ್ಟಿನ ಸ್ವರವಾಯಿತು.

"ಒಂದು ಗುಂಡಿಯಾ?" ಎಂದರು.

"ಹೌದು ಅಕ್ಕ."

"ಹೇಳಿದ್ರೆ ಆಗ್ತಿತ್ತಲ್ಲ."

ಮಗಳು ಅವರ ಭುಜದ ಮೇಲೆ ಕೈ ಇಟ್ಟಳು. ಅವರು ಆ ಕೈಯನ್ನು ಮೆಲ್ಲಗೆ ತಟ್ಟಿ ಬದಿಗೆ ಸರಿಸಿದರು.

"ಅವರ ಕಾಗದ ಬಂದಿತ್ತು. ಎರಡು ಸಲ. ಉತ್ತರ ಹಾಕ್ಲಿಲ್ಲ ನಾನು. ಪಾಪ ಕಂಡು ಕರೀತಾರೆ ಅಂತ ಎಣಿಸಿದೆ."

"ಅವರ ಹತ್ತಿರ ಇನ್ನೊಂದು ಟ್ಯೂನ್ ಇತ್ತಂತೆ. ನಿಮ್ಮ ಸ್ವರಕ್ಕೆ ಅಂತಲೇ ಮಾಡಿದ್ದಂತೆ."

"ಹೇಗೆ ಉಂಟು ಅದು?"

ನಾನು ಹಾಡುವವಳಲ್ಲ. ಹೂಡೆಯಿಂದ ಹೊತ್ತು ತಂದ ಒಂದು ಸಾಲನ್ನು ಬಂದ ಹಾಗೆ ಗುನುಗಿದೆ. ಅವರು ತಲೆ ಬಗ್ಗಿಸಿ ಕೇಳಿದರು.

"ಮತ್ತೆ?"

"ಅಷ್ಟೇ ಅಕ್ಕ. ಮುಂದಿನದು ಅವರಿಗೂ ನೆನಪಿಲ್ಲ."

ಅವರು ಆ ಸಾಲನ್ನು ಒಂದು ಸಲ ಹೇಳಿದರು, ಬಾಯಿ ಹೆಚ್ಚು ತೆರೆಯದೆ. ನಾನು ತಪ್ಪಾಗಿ ಗುನುಗಿದ್ದ ಒಂದು ಕಡೆ ತಾನಾಗಿಯೇ ಸರಿಹೋಯಿತು. ಆಮೇಲೆ ಎದ್ದು ಚಹಾ ಇಡಲು ಒಳಗೆ ಹೋದರು. ಚಹಾ ಬರಲು ಬಹಳ ಹೊತ್ತಾಯಿತು. ಮಗಳೂ ನಾನೂ ಒಳಗೆ ಹೋಗಲಿಲ್ಲ.

ಪುಸ್ತಕದ ವಿಷಯ ಅವರೇ ತೆಗೆದರು. ಸಂಪಾದಕರ ಮಾತನ್ನೂ ಮುಚ್ಚಿಡದೆ ಹೇಳಿದೆ.

"ಅವರು ಹೇಳುದೂ ಸರಿ," ಎಂದರು. "ನನ್ನ ಜೊತೆಯವರು ಆ ಕ್ಯಾಸೆಟ್ಟು ಕೇಳಿಕೊಂಡು ಎಷ್ಟು ವರ್ಷ ಬೀಜ ಬಿಡಿಸಿದ್ದಾರೆ. ಅದನ್ನು ತೆಗೀಬೇಡಿ. ಆದರೆ ಮೊದಲ ಹಾಡು ಅಂತ ನನ್ನ ಹೆಸರು ಹಾಕುದಾದ್ರೆ ಇದಕ್ಕೆ ಹಾಕಿ. ಅದನ್ನು ಹಿಂದೆ ಎಲ್ಲಿಯಾದ್ರೂ ಇಡಿ, ವೇಗ ಮಾಡಿದ್ದು ಅಂತ ಬರೆದು."

"ಆಯ್ತು ಅಕ್ಕ. ಗುಂಯ್ ತೆಗೆದು, ಮಾತು ಕತ್ತರಿಸಿ ಚಂದ ಮಾಡಿ ಕೊಡ್ತೇನೆ."

"ಮಾತು ಕತ್ತರಿಸುದು ಬೇಡ. ನೀರು ಕೇಳಿದ್ದು ಇರಲಿ," ಎಂದರು. "ಇಲ್ಲದಿದ್ರೆ ಇದನ್ನೂ ಬೇರೆ ಯಾರೋ ಅಂತಾರೆ."

ಸಂಪಾದಕರು ಸ್ಪೂಲಿನ ಹಾಡನ್ನು ಎರಡು ಸಲ ಕೇಳಿದರು. ಎರಡನೆಯ ಸಲ ಮುಗಿದ ಮೇಲೆ, "ಇದು ಕೇಳಿ ಕೂಡ ನಾವು ಪ್ರಾಯ ಕಳೀಬಹುದಿತ್ತು," ಎಂದು ಹೇಳಿ, ಗಾಯಕಿ ಹೇಳಿದ ಹಾಗೆಯೇ ಪುಟ ಬದಲಾಯಿಸಿ ಪ್ರೆಸ್ಸಿಗೆ ಕಳಿಸಿದರು. ನಿರ್ದೇಶಕರಿಗೆ ಬಿಡುಗಡೆಗೆ ಬರುವಷ್ಟು ಆರೋಗ್ಯ ಇರಲಿಲ್ಲ. ಉಳಿದ ಟ್ಯೂನು ನೆನಪಾದರೆ ತಿಳಿಸಿ ಎಂದು ಅವರ ಸೊಸೆಯ ಹತ್ತಿರ ನನ್ನ ನಂಬರು ಕೊಟ್ಟು ಬಂದಿದ್ದೆ. ಫೋನು ಬರಲಿಲ್ಲ.

ಕಾಪುವಿನ ಗಾಯಕಿ ಹಾಡುತ್ತಾರೆಂದು ಯಾರೂ ಎಣಿಸಿರಲಿಲ್ಲ. ಬಂದು ಕುಳಿತರೆ ಸಾಕು ಎಂದಿದ್ದೆವು. ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ ಸಭಾಂಗಣದಲ್ಲಿ ನಾನು ಮೈಕುಗಳನ್ನು ಪರೀಕ್ಷಿಸುತ್ತಿದ್ದೆ. ಮಗಳ ಜೊತೆ ಅವರು ಒಳಗೆ ಬಂದರು. ಖಾಲಿ ಕುರ್ಚಿಗಳ ಸಾಲನ್ನು ದಾಟಿ ವೇದಿಕೆ ಹತ್ತಿ, "ಇಲ್ಲಿ ನಿಲ್ಲುದಾ?" ಎಂದು ಕೇಳಿದರು. ನಾನು ಮೈಕನ್ನು ಅವರ ಎತ್ತರಕ್ಕೆ ಇಳಿಸಿದೆ.

ಕೀಬೋರ್ಡು ನುಡಿಸುವವರಿಗೆ ಹಾಡು ಗೊತ್ತಿತ್ತು. ಅದು ಎರಡು ಕೀಗಳ ನಡುವೆ ಬೀಳುತ್ತದೆ ಎಂಬುದೂ ಗೊತ್ತಿತ್ತು. ಅವರು ಕ್ಯಾಸೆಟ್ಟಿನ ಹತ್ತಿರದ ಶ್ರುತಿ ಹಿಡಿದು ಒಂದು ಸ್ವರ ಒತ್ತಿ, "ಇದು ಆಗ್ತದಾ ಅಮ್ಮ?" ಎಂದರು. ಗಾಯಕಿ ಅಲ್ಲವೆಂದು ತಲೆ ಅಲ್ಲಾಡಿಸಿದರು. ಇನ್ನೊಂದು ಒತ್ತಿದರು. ಅದೂ ಅಲ್ಲ.

"ಹಾಗಾದ್ರೆ ನಿಮಗೆ ಯಾವ ಶ್ರುತಿ ಕೊಡಲಿ?"

"ನಾನು ಮೊದಲು ಹಾಡ್ತೇನೆ," ಎಂದರು ಅವರು. "ನೀವು ಹುಡುಕಿಕೊಳ್ಳಿ."

ಕೀಬೋರ್ಡಿನವರು ಕೈ ಎತ್ತಿಕೊಂಡು ಕಾದರು. ಗಾಯಕಿ ಹಾಡಲು ತೊಡಗಿದರು, ಸ್ಪೂಲಿನಲ್ಲಿ ಇದ್ದದ್ದಕ್ಕಿಂತಲೂ ಕೆಳಗೆ, ಇನ್ನೂ ನಿಧಾನವಾಗಿ. ಮೂರನೆಯ ಸಾಲಿನ ಹೊತ್ತಿಗೆ ಶ್ರುತಿ ಸಿಕ್ಕಿತು.